ಒಂದೇ ನೀರು, ಬೇರೆ ಬೇರೆ ಮೂಳೆ: ಸಾಮಾಜಿಕ ಅಸಮಾನತೆಯನ್ನು ಆರೋಗ್ಯ ಸಂಶೋಧನೆ ಅಳೆಯುವ ಬಗೆ

ಸಾಮಾಜಿಕ ಸ್ಥಿತಿಗೂ ಕಾಯಿಲೆಗೂ ಇರುವ ನಂಟಿನ ಬಗ್ಗೆ ಭಾರತದಲ್ಲಿ ನಡೆದ ಬಹಳ ಪ್ರಭಾವಶಾಲಿ ಅಧ್ಯಯನಗಳಲ್ಲಿ ಒಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960–61ರಲ್ಲಿ ಆ ಜಿಲ್ಲೆಯಲ್ಲಿ ಕ್ಷಯ ಎಷ್ಟರ ಮಟ್ಟಿಗೆ ಹರಡಿದೆ ಎಂದು ತಿಳಿಯಲು ಸಮೀಕ್ಷೆ ನಡೆಸಿತು. ರೋಗಿಗಳು ಆಸ್ಪತ್ರೆಗೆ ಬರಲಿ ಎಂದು ಕಾಯದೆ ಊರಿಗೇ ಹೋಗಿ, ಎದೆಯ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ, ಯಾರಿಗೆ ರೋಗವಿದೆಯೆಂದು ಗುರುತಿಸಲಾಯಿತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ಹಾಗೆ ಗುರುತಿಸಿದವರ ಅನುಭವವನ್ನು ಸಂದರ್ಶನದ ಮೂಲಕ ಕೇಳಿ ದಾಖಲಿಸಿದರು. ನಿಮಗೆ ಏನಾಗುತ್ತಿದೆ, ಅದು ನಿಮಗೆ ಚಿಂತೆಯ ವಿಷಯವೇ, ಅದಕ್ಕಾಗಿ ಎಲ್ಲಿಗೆ ಹೋದಿರಿ, ಅಲ್ಲಿ ಏನು ಮಾಡಿದರು ಎಂಬ ಧಾಟಿಯ ಪ್ರಶ್ನೆಗಳವು.

ಆ ಕಾಲದ ವೈದ್ಯಲೋಕದಲ್ಲಿ ಹಳ್ಳಿಯವರ ಬಗ್ಗೆ ಒಂದು ಗಟ್ಟಿ ನಂಬಿಕೆಯಿತ್ತು. ಅವರಿಗೆ ತಿಳಿವಳಿಕೆ ಕಡಿಮೆ, ಕೆಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೊದಲು ಮಂತ್ರವಾದಿಯ ಬಳಿಗೆ ಹೋಗುತ್ತಾರೆ, ಆದ್ದರಿಂದ ಕ್ಷಯ ನಿಯಂತ್ರಣಕ್ಕೆ ಮೊದಲು ಬೇಕಾದದ್ದು ಜನಜಾಗೃತಿ ಎಂಬುದು ಆ ನಂಬಿಕೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳು ಚೆನ್ನಾಗಿಯೇ ಗೊತ್ತಿದ್ದವು, ಹೆಚ್ಚಿನವರು ಅದರಿಂದ ಕಳವಳಗೊಂಡಿದ್ದರು, ಅರ್ಧದಷ್ಟು ಮಂದಿ ಆಗಲೇ ಇಂಗ್ಲಿಷ್ ಔಷಧ ಕೊಡುವ ಆಸ್ಪತ್ರೆ–ದವಾಖಾನೆಗಳ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರ ಎದೆ ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು. ರೋಗಿಗಳು ಹೋಗಿದ್ದರು, ರೋಗವನ್ನು ಕಂಡುಹಿಡಿಯಬೇಕಾದವರು ಕಂಡುಹಿಡಿದಿರಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಪ್ರತ್ಯೇಕ ಕ್ಷಯ ಆಸ್ಪತ್ರೆಗಳನ್ನು ಕಟ್ಟುತ್ತ ಕೂರದೆ, ಜನರು ಹೇಗೂ ಹೋಗುವ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಕಫ ಪರೀಕ್ಷೆ ಮತ್ತು ಚಿಕಿತ್ಸೆ ಸಿಗಬೇಕೆಂಬ ದಾರಿ ಹಿಡಿಯಲು, ಅಚ್ಚಾಗುವ ಮೊದಲೇ ಸಂಸ್ಥೆಯವರಿಗೆ ಗೊತ್ತಾಗಿದ್ದ ಈ ತಿಳಿವಳಿಕೆ ಒಂದು ಮುಖ್ಯ ಕಾರಣವಾಯಿತು.

ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳ ಆರೋಗ್ಯದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಇಂದು ನಡೆಯುವ ಸಂಶೋಧನೆಯ ತಿರುಳನ್ನು ತಿಳಿಯಲು ಈ ಹಳೆಯ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ‘ಇವರು ಯಾಕೆ ಹೀಗೆ ನಡೆದುಕೊಳ್ಳುತ್ತಾರೆ’ ಎಂದು ಕೇಳಿದರೆ ಬರುವ ಉತ್ತರವೇ ಬೇರೆ, ‘ಇವರ ದಾರಿಗೆ ಅಡ್ಡವಾಗಿರುವುದು ಏನು’ ಎಂದು ಕೇಳಿದರೆ ಬರುವ ಉತ್ತರವೇ ಬೇರೆ. ಯಾರನ್ನು ಎಣಿಸಬೇಕು ಎಂಬುದೂ ಅಷ್ಟೇ ಮುಖ್ಯ. ಆಸ್ಪತ್ರೆಯ ದಾಖಲೆಗಳನ್ನು ಮಾತ್ರ ನೋಡುವ ಸಂಶೋಧಕನಿಗೆ ಆಸ್ಪತ್ರೆ ತಲುಪಿದವರಷ್ಟೇ ಕಾಣುತ್ತಾರೆ. ತುಮಕೂರಿನಲ್ಲಿ ಲೆಕ್ಕ ಮನೆಗಳಿಂದ ಆರಂಭವಾದದ್ದರಿಂದಲೇ, ಹೋಗಿ ಬರಿಗೈಯಲ್ಲಿ ಹಿಂದಿರುಗಿದವರೂ ಹೋಗಲಾಗದೆ ಉಳಿದವರೂ ಲೆಕ್ಕಕ್ಕೆ ಸಿಕ್ಕರು.

ಬಡತನದ ಲೆಕ್ಕ ಮುಗಿದ ಮೇಲೂ ಉಳಿಯುವ ಅಂತರ

ಬಡವರಿಗೆ ಕಾಯಿಲೆ ಹೆಚ್ಚು ಎಂಬುದನ್ನು ತಿಳಿಯಲು ಸಂಶೋಧನೆಯ ಅಗತ್ಯವಿಲ್ಲ. ಸಂಶೋಧನೆ ತೋರಿಸಿಕೊಟ್ಟ ಹೊಸ ಸಂಗತಿಯೆಂದರೆ, ಈ ವ್ಯತ್ಯಾಸವು ಬಡವ–ಶ್ರೀಮಂತ ಎಂಬ ಎರಡು ಗುಂಪುಗಳ ನಡುವೆ ಮಾತ್ರವಲ್ಲದೆ ಸಮಾಜದ ಪ್ರತಿಯೊಂದು ಮೆಟ್ಟಿಲಿನಲ್ಲೂ ಕಾಣಿಸುತ್ತದೆ ಎಂಬುದು. 1967ರಲ್ಲಿ ಆರಂಭವಾದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನವು ಲಂಡನ್ನಿನ ಸರ್ಕಾರಿ ನೌಕರರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಅವರಲ್ಲಿ ಹಸಿದವರಿರಲಿಲ್ಲ, ನಿರುದ್ಯೋಗಿಗಳಿರಲಿಲ್ಲ, ಎಲ್ಲರಿಗೂ ಸರ್ಕಾರದ ಉಚಿತ ಆರೋಗ್ಯ ಸೇವೆಯಿತ್ತು. ಆದರೂ ಕೆಳದರ್ಜೆಯ ನೌಕರರ ಸಾವಿನ ಪ್ರಮಾಣವು ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು, ನಡುವಿನ ದರ್ಜೆಯವರು ಸಾವಿನ ಲೆಕ್ಕದಲ್ಲೂ ನಡುವೆಯೇ ನಿಂತಿದ್ದರು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇವೆಲ್ಲವೂ ಸೇರಿ ಆ ಅಂತರದ ಒಂದು ಭಾಗವನ್ನಷ್ಟೇ ವಿವರಿಸಿದವು. ಇದರ ಮುಖ್ಯ ಸಂಶೋಧಕರಲ್ಲಿ ಒಬ್ಬರಾದ ಮೈಕಲ್ ಮಾರ್ಮಟ್ ಅವರು ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷರಾದರು. ಜನರು ಹುಟ್ಟುವ, ಬೆಳೆಯುವ, ದುಡಿಯುವ, ಮುಪ್ಪಾಗುವ ಪರಿಸ್ಥಿತಿಗಳೇ ಅವರ ಆರೋಗ್ಯವನ್ನು ನಿರ್ಧರಿಸುತ್ತವೆ ಎಂಬ ಮಾತನ್ನು ಆ ಆಯೋಗದ 2008ರ ವರದಿ ಜಗತ್ತಿನ ಮುಂದಿಟ್ಟಿತು.

ಭಾರತದಲ್ಲಿ ಮೆಟ್ಟಿಲುಗಳ ಲೆಕ್ಕ ಹಿಡಿಯಲು ವೇತನಶ್ರೇಣಿ ಸಾಲದು, ಜಾತಿ ಬೇಕೇ ಬೇಕು. 2022ರಲ್ಲಿ ಸಂಗೀತಾ ವ್ಯಾಸ್, ಪಾಯಲ್ ಹಾಥಿ ಮತ್ತು ಆಶಿಶ್ ಗುಪ್ತಾ ಅವರು ಪ್ರಕಟಿಸಿದ ಅಧ್ಯಯನವು ಒಂಬತ್ತು ರಾಜ್ಯಗಳ ಎರಡು ಕೋಟಿಗೂ ಹೆಚ್ಚು ಜನರ ಸಮೀಕ್ಷಾ ಮಾಹಿತಿಯನ್ನು ಬಳಸಿ ಜೀವಿತಾವಧಿಯನ್ನು ಲೆಕ್ಕ ಹಾಕಿತು. ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ನಿರೀಕ್ಷಿತ ಜೀವಿತಾವಧಿ ನಾಲ್ಕು ವರ್ಷಕ್ಕೂ ಹೆಚ್ಚು, ದಲಿತರದು ಮೂರು ವರ್ಷಕ್ಕೂ ಹೆಚ್ಚು, ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ ಇತ್ತು. ಇಲ್ಲಿ ಸಂಶೋಧಕರು ಒಂದು ಹೆಜ್ಜೆ ಮುಂದೆ ಹೋದರು. ದಲಿತ ಕುಟುಂಬಗಳು ಸರಾಸರಿಯಲ್ಲಿ ಬಡ ಕುಟುಂಬಗಳೂ ಆಗಿರುವುದರಿಂದ, ಅಂತರಕ್ಕೆ ಬಡತನವೇ ಪೂರ್ತಿ ಕಾರಣವಿರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕಾಗಿ ಹೆಚ್ಚುಕಡಿಮೆ ಒಂದೇ ಆರ್ಥಿಕ ಸ್ಥಿತಿಯ ಕುಟುಂಬಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಲೆಕ್ಕಾಚಾರ ಮಾಡಲಾಯಿತು. ಆರ್ಥಿಕ ಸ್ಥಿತಿಯು ವಿವರಿಸಿದ್ದು ಅಂತರದ ಅರ್ಧಕ್ಕಿಂತ ಕಡಿಮೆ. ಉಳಿದದ್ದಕ್ಕೆ ಹಣವೊಂದನ್ನೇ ಕಾರಣವೆನ್ನಲು ಬರುವುದಿಲ್ಲ.

ಈ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ಆದ್ದರಿಂದ ಆ ಅಂಕಿಗಳನ್ನು ಹಾಗೆಯೇ ತಂದು ಕೋಲಾರಕ್ಕೆ ಅಂಟಿಸುವುದು ಸರಿಯಲ್ಲ. ಅಂತರವಿದೆಯೇ ಎಂದು ಇಲ್ಲಿಯೂ ಅದೇ ಬಗೆಯಲ್ಲಿ ನೋಡಬೇಕು ಎಂಬಷ್ಟು ಪಾಠವನ್ನು ಮಾತ್ರ ಅದರಿಂದ ತೆಗೆದುಕೊಳ್ಳಬಹುದು. ಅಂಕಿಗಳನ್ನು ತಪ್ಪಾಗಿ ಓದುವ ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ಹೇಳಬೇಕು. ದಲಿತ ಮಹಿಳೆಯರ ಸರಾಸರಿ ಆಯುಷ್ಯ 39.5 ವರ್ಷ, ಮೇಲ್ಜಾತಿಯ ಮಹಿಳೆಯರದು 54.1 ವರ್ಷ ಎಂಬ ಮಾತು ವಿಶ್ವಸಂಸ್ಥೆಯ 2018ರ ಮಹಿಳಾ ವರದಿಯ ನಂತರ ಭಾಷಣ, ಲೇಖನಗಳಲ್ಲೆಲ್ಲ ಓಡಾಡಿತು. ಅದು ವಾಸ್ತವವಾಗಿ ಸಾವಿನ ಸಮಯದ ಸರಾಸರಿ ವಯಸ್ಸು, ನಿರೀಕ್ಷಿತ ಜೀವಿತಾವಧಿಯಲ್ಲ. ಒಂದು ಸಮುದಾಯದಲ್ಲಿ ಮಕ್ಕಳು ಮತ್ತು ಯುವಜನರ ಸಂಖ್ಯೆ ಹೆಚ್ಚಿದ್ದರೆ, ಸಾಯುವವರಲ್ಲೂ ಚಿಕ್ಕ ವಯಸ್ಸಿನವರ ಪಾಲು ಹೆಚ್ಚಾಗಿ ಈ ಸರಾಸರಿ ತಂತಾನೇ ಇಳಿಯುತ್ತದೆ. ನಿರೀಕ್ಷಿತ ಜೀವಿತಾವಧಿಯನ್ನು ಲೆಕ್ಕ ಹಾಕುವಾಗ ಪ್ರತಿ ವಯೋಮಾನದ ಸಾವಿನ ಪ್ರಮಾಣವನ್ನು ಬೇರೆಬೇರೆಯಾಗಿ ತೆಗೆದುಕೊಳ್ಳುವುದರಿಂದ ಆ ದೋಷ ಬರುವುದಿಲ್ಲ. ಮೂರು ವರ್ಷದ ಅಂತರವೇ ಸಾಕಷ್ಟು ಘೋರವಾಗಿರುವಾಗ ಅದನ್ನು ಹದಿನೈದಕ್ಕೆ ಹಿಗ್ಗಿಸಿ ಹೇಳಿದರೆ, ಅಂತರವೇ ಇಲ್ಲವೆನ್ನುವವರ ಕೈಗೆ ನಾವೇ ಕೋಲು ಕೊಟ್ಟಂತಾಗುತ್ತದೆ.

ಅಂತರವನ್ನು ತೋರಿಸುವುದು ಒಂದಾದರೆ, ಕಾರಣವನ್ನು ಸಾಬೀತು ಮಾಡುವುದು ಇನ್ನೊಂದು. ಬಡವರಲ್ಲಿ ಕ್ಷಯವೂ ಹೆಚ್ಚು, ಅಪೌಷ್ಟಿಕತೆಯೂ ಹೆಚ್ಚು. ಹಾಗೆಂದ ಮಾತ್ರಕ್ಕೆ ಊಟ ಕೊಟ್ಟರೆ ಕ್ಷಯ ಕಡಿಮೆಯಾಗುತ್ತದೆಯೇ? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಟ್ಟಿತು. ಕ್ಷಯ ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕಿಲೋ ಆಹಾರದ ಕಿಟ್ ಸಿಕ್ಕಿತು. ಅವರ ಮನೆಯವರ ವಿಷಯದಲ್ಲಿ ಮಾತ್ರ ಗುಂಪುಗಳನ್ನು ವಿಂಗಡಿಸಿ, ಒಂದು ಗುಂಪಿನ ಮನೆಯವರಿಗೂ ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಡಲಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬ ಸದಸ್ಯರನ್ನು ಗಮನಿಸಿದಾಗ, ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವ ಪ್ರಮಾಣ ಶೇ 39ರಷ್ಟು ಕಡಿಮೆಯಾಗಿತ್ತು. ಹೆಚ್ಚು ಪರಿಣಾಮಕಾರಿಯಾದ ಲಸಿಕೆಗಾಗಿ ಜಗತ್ತು ಕಾಯುತ್ತಿರುವ ಒಂದು ರೋಗದ ವಿಷಯದಲ್ಲಿ ಅಕ್ಕಿ–ಬೇಳೆ ಇಷ್ಟು ಕೆಲಸ ಮಾಡುತ್ತದೆಂದರೆ, ಪಡಿತರ ಅಂಗಡಿಯನ್ನೂ ಆರೋಗ್ಯ ಇಲಾಖೆಯ ಭಾಗವೆಂದೇ ಎಣಿಸಬೇಕಾಗುತ್ತದೆ.

ಬೋರ್‌ವೆಲ್ ಆಳಕ್ಕಿಳಿದಂತೆ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರಿನ ಪಾವಗಡ, ಶಿರಾ, ಮಧುಗಿರಿ ಭಾಗದವರಿಗೆ ಫ್ಲೋರೈಡ್ ಎಂಬ ಮಾತನ್ನು ಪರಿಚಯಿಸಬೇಕಾಗಿಲ್ಲ. ಶಾಶ್ವತ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಕೆರೆಗಳು ಹೂಳು ತುಂಬಿ ಬತ್ತಿದಂತೆಲ್ಲ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಆಳದ ಗ್ರಾನೈಟ್ ಬಂಡೆಯ ಸಂದಿಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಖನಿಜಗಳಿಂದ ಕರಗಿದ ಫ್ಲೋರೈಡ್ ಸೇರಿಕೊಂಡಿರುತ್ತದೆ. ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಮೊಣಕಾಲು ಗಡುಸಾಗಿ ಬಾಗಲು ಬಾರದಂತಾಗುತ್ತದೆ.

ಇದು ನೆಲದ ದೋಷ, ಇದರಲ್ಲಿ ಸಾಮಾಜಿಕ ಅಸಮಾನತೆ ಎಲ್ಲಿಂದ ಬಂತು ಎಂದು ಕೇಳಬಹುದು. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸ್ಪಷ್ಟವಾದ ಜಾಗವಿಲ್ಲ. ಒಂದೇ ಊರಿನ, ಒಂದೇ ಬೋರ್‌ವೆಲ್‌ನ, ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಇಬ್ಬರು ಕುಡಿಯುತ್ತಾರೆಂದು ಇಟ್ಟುಕೊಳ್ಳೋಣ. ನೆರಳಿನಲ್ಲಿ ಕೂತು ಕೆಲಸ ಮಾಡುವವರು ದಿನಕ್ಕೆ ಎರಡು ಲೀಟರ್ ಕುಡಿದರೆ ಅವರ ದೇಹ ಸೇರುವುದು 4 ಮಿಲಿಗ್ರಾಂ. ಟೊಮೆಟೊ ತೋಟದಲ್ಲಿ ಏಪ್ರಿಲ್ ಬಿಸಿಲಿಗೆ ಕೂಲಿ ಮಾಡುವವರಿಗೆ ಆರು ಲೀಟರಾದರೂ ಬೇಕು, ಅಲ್ಲಿಗೆ 12 ಮಿಲಿಗ್ರಾಂ. ನೀರಿನ ಪರೀಕ್ಷಾ ವರದಿಯಲ್ಲಿ ಇಬ್ಬರಿಗೂ ಒಂದೇ ಅಂಕಿ, ಮೂಳೆಗೆ ಇಳಿಯುವ ಲೆಕ್ಕದಲ್ಲಿ ಮೂರು ಪಟ್ಟು ವ್ಯತ್ಯಾಸ. ಊಟದ ವ್ಯತ್ಯಾಸವೂ ಇದಕ್ಕೆ ಸೇರುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್‌ನ ಹಾನಿ ಹೆಚ್ಚುತ್ತದೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಆಂಧ್ರದ ಫ್ಲೋರೈಡ್ ಪ್ರದೇಶದಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವರದಿ ಮಾಡಿದಾಗ, ಅದರ ಹಿಂದೆ ನೀರಿನ ಜೊತೆಗೆ ಬಡವರ ಊಟದ ಕೊರತೆಯೂ ಇರುವುದನ್ನು ಗಮನಿಸಿದ್ದರು. ಹಾಲು ಕರೆದರೂ ಅದನ್ನೆಲ್ಲ ಡೈರಿಗೆ ಹಾಕಿ, ಮನೆಯಲ್ಲಿ ಮಕ್ಕಳಿಗೆ ಚಹಾಕ್ಕಷ್ಟೇ ಉಳಿಸಿಕೊಳ್ಳುವ ಸಂಸಾರಗಳು ಈ ಮೂರೂ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ.

ಪರಿಹಾರವಾಗಿ ಬಂದ ಶುದ್ಧ ಕುಡಿಯುವ ನೀರಿನ ಘಟಕವನ್ನೂ ಹತ್ತಿರದಿಂದ ನೋಡಬೇಕು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಬೈಕ್ ಇರುವ ಮನೆಗೆ ಅದು ಐದು ನಿಮಿಷದ ಕೆಲಸ. ಘಟಕ ಊರಿನ ಮುಂಭಾಗದಲ್ಲಿದ್ದು, ಕಾಲೋನಿ ಊರಿನ ಆಚೆ ಕೊನೆಯಲ್ಲಿದ್ದರೆ, ಬೆಳಗ್ಗೆ ಏಳಕ್ಕೆ ಕೂಲಿಯ ಟೆಂಪೊ ಹತ್ತಿ ಸಂಜೆ ಇಳಿಯುವ ಹೆಂಗಸಿಗೆ ಅಷ್ಟು ಭಾರವನ್ನು ಸೊಂಟದ ಮೇಲಿಟ್ಟುಕೊಂಡು ಹೋಗುವುದು ದಿನದ ಇನ್ನೊಂದು ದುಡಿಮೆ. ಹಾಗಾಗಿ ಕ್ಯಾನ್ ನೀರನ್ನು ಕುಡಿಯಲು ಮಾತ್ರ ಎತ್ತಿಟ್ಟು, ಮುದ್ದೆಗೆ ಎಸರಿಡುವುದು, ಸಾರು ಮಾಡುವುದು, ಅನ್ನ ಬೇಯಿಸುವುದು ನಲ್ಲಿಯ ಬೋರ್‌ವೆಲ್ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ‘ಈ ಊರಿನಲ್ಲಿ ಶುದ್ಧ ನೀರಿನ ಘಟಕವಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿ ಹೋಗುವ ಸಮೀಕ್ಷೆಗೆ ಇದಾವುದೂ ಸಿಗುವುದಿಲ್ಲ. ಯಾವ ಕೆಲಸಕ್ಕೆ ಯಾವ ನೀರು, ಅದನ್ನು ತರುವವರು ಯಾರು, ಎಷ್ಟು ದೂರದಿಂದ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕಾಗುತ್ತದೆ.

(ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದರ ಬಗ್ಗೆಯೂ ಇದೇ ಬಗೆಯ ಸಂಶೋಧನೆ ಬೇಕು. ಅಂತರ್ಜಲ ಏರಿದ್ದರ ಲಾಭ ಯಾರ ಬೋರ್‌ವೆಲ್‌ಗೆ, ಗುಣಮಟ್ಟದ ಅನುಮಾನ ಯಾರ ಬಿಂದಿಗೆಗೆ ಎಂಬುದು ಸಣ್ಣ ಪ್ರಶ್ನೆಯಲ್ಲ.)

ಕೆಲಸ, ಜಾತಿ, ಶ್ವಾಸಕೋಶ

2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಮೂವತ್ತು, ರಾಜ್ಯದ ಜಿಲ್ಲೆಗಳಲ್ಲೇ ಅತಿ ಹೆಚ್ಚು. ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಜಾತಿ ಇಂದಿಗೂ ಬಹುಮಟ್ಟಿಗೆ ನಿರ್ಧರಿಸುವುದರಿಂದ, ಜಾತಿಯು ದೇಹದೊಳಗೆ ಇಳಿಯುವ ಒಂದು ದಾರಿ ಉದ್ಯೋಗ.

ಕೋಲಾರ ಚಿನ್ನದ ಗಣಿ ಇದರ ದೊಡ್ಡ ಸಾಕ್ಷಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಈ ಗಣಿಗಳಲ್ಲಿ ಬಂಡೆ ಕೊರೆದವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತ ಕಾರ್ಮಿಕರು. ಬಂಡೆಯ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಾಯದ ಕಲೆಯಂತೆ ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗ ಕೆಜಿಎಫ್ ಕಾರ್ಮಿಕರಲ್ಲಿ ವ್ಯಾಪಕವಾಗಿರುವುದು 1940ರ ದಶಕದಲ್ಲೇ ದಾಖಲಾಗಿತ್ತು. ದೂಳಿನಿಂದ ದೂರವಾದ ಮೇಲೂ ಈ ರೋಗ ಬೆಳೆಯುತ್ತಲೇ ಹೋಗಬಹುದು, ಕ್ಷಯ ತಗುಲುವ ಅಪಾಯವನ್ನೂ ಹೆಚ್ಚಿಸುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಹೋದದ್ದು ಸಂಬಳವೊಂದೇ ಅಲ್ಲ, ರೋಗಕ್ಕೂ ಕೆಲಸಕ್ಕೂ ಇರುವ ನಂಟನ್ನು ದಾಖಲೆಯಲ್ಲಿ ತೋರಿಸಬಲ್ಲ ವ್ಯವಸ್ಥೆಯೂ ಹೋಯಿತು. ಈಗ ಯಾವುದಾದರೂ ವಿಶ್ವವಿದ್ಯಾಲಯ ಅಲ್ಲಿ ಸಮೀಕ್ಷೆ ನಡೆಸಿದರೆ ಒಂದು ಬಲೆಯ ಬಗ್ಗೆ ಎಚ್ಚರವಿರಬೇಕು. ಅತಿ ಹೆಚ್ಚು ದೂಳು ಕುಡಿದವರು ಬಹುಮಟ್ಟಿಗೆ ತೀರಿಕೊಂಡಿದ್ದಾರೆ, ಇನ್ನು ಕೆಲವರು ಊರು ಬಿಟ್ಟಿದ್ದಾರೆ. ಉಳಿದವರು ತುಸು ಗಟ್ಟಿ ದೇಹದವರು. ಉಳಿದವರನ್ನಷ್ಟೇ ಎಣಿಸಿದರೆ ಗಣಿ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ ಎಂಬ ತೀರ್ಮಾನ ಹೊರಬೀಳುತ್ತದೆ. ಸತ್ತವರ ಮನೆಯವರನ್ನು ಕೇಳಿ, ಕೆಲಸದ ವಿಭಾಗ ಮತ್ತು ಸಾವಿನ ವಿವರಗಳನ್ನು ಜೋಡಿಸದೆ ಇಂಥ ಕಡೆ ಲೆಕ್ಕ ಪೂರ್ತಿಯಾಗದು.

ಅದೇ ಗಣಿ ಊರಿನ ಒಣ ಪಾಯಿಖಾನೆಗಳನ್ನು ಬಳಿದು ಸಾಗಿಸುತ್ತಿದ್ದ ಕುಟುಂಬಗಳ ನಡುವೆ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಮಲ ಹೊರುವ ಪದ್ಧತಿಯ ವಿರುದ್ಧ ಚಳವಳಿ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅವರ ಚಳವಳಿ ಬಹುಕಾಲ ಮಾಡಿದ ಕೆಲಸವೂ ಒಂದು ಅರ್ಥದಲ್ಲಿ ಸಂಶೋಧನೆಯೇ. ಇಂಥವರು ಇಲ್ಲವೇ ಇಲ್ಲ ಎಂದು ಸರ್ಕಾರಿ ಕಡತಗಳು ಹೇಳುತ್ತಿದ್ದಾಗ, ಇದ್ದಾರೆ ಎಂದು ಫೋಟೊ, ಹೆಸರು, ಜಾಗ ಸಮೇತ ಎಣಿಸಿ ತೋರಿಸುವುದು.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳ ಕಥೆ ಇಷ್ಟು ಪ್ರಸಿದ್ಧವಲ್ಲ. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಬೆರಳುಗಳ ಚರ್ಮ ಸದಾ ನೆನೆದು ಬಿರಿದಿರುತ್ತದೆ, ಆವಿ ಮತ್ತು ಹುಳುವಿನ ವಾಸನೆ ತುಂಬಿದ ಕೋಣೆಯಲ್ಲಿ ಗೂಡಿನ ಪ್ರೋಟೀನ್ ಕಣಗಳು ಉಸಿರಿನೊಳಗೆ ಹೋಗಿ ಕೆಲವರಲ್ಲಿ ಆಸ್ತಮಾ ಹುಟ್ಟಿಸುತ್ತವೆ. ಇಲ್ಲಿ ದುಡಿಯುವವರಲ್ಲಿ ಬಡ ಮುಸ್ಲಿಂ ಮಹಿಳೆಯರ ಸಂಖ್ಯೆ ದೊಡ್ಡದು. ಬಡತನ, ಧರ್ಮ, ಹೆಣ್ತನ ಮೂರೂ ಒಬ್ಬರಲ್ಲೇ ಕೂಡಿದಾಗ ಅವುಗಳ ಪರಿಣಾಮವನ್ನು ಒಂದೊಂದಾಗಿ ಬಿಡಿಸಿ ಕೂಡಿಸಿದರೆ ಸಾಲದು, ಕೂಡಿದಾಗಿನ ಸ್ಥಿತಿಯೇ ಬೇರೆ ಎಂಬುದನ್ನು ಸಂಶೋಧಕರು ಈಗೀಗ ಒತ್ತಿ ಹೇಳುತ್ತಿದ್ದಾರೆ.

ಆಸ್ಪತ್ರೆಯ ಬಾಗಿಲಿನ ಒಳಗೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಇದು ನಿಜವಾದ ಸಾಧನೆ. ಆದರೂ 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ತೀರಿಕೊಂಡರು. ತಮಿಳುನಾಡಿನಲ್ಲಿ ಆ ಸಂಖ್ಯೆ 54, ಕೇರಳದಲ್ಲಿ 19. ಆಸ್ಪತ್ರೆಯ ಒಳಗೆ ಬಂದದ್ದು ಮತ್ತು ಆರೈಕೆ ಸಿಕ್ಕಿದ್ದು ಎರಡೂ ಒಂದೇ ಅಲ್ಲ ಎಂಬುದಕ್ಕೆ ಇದು ಸೂಚನೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಹೆರಿಗೆ ನೋವಿನಲ್ಲಿದ್ದ ತಮಿಳು ಮೂಲದ ಬಡ ಮಹಿಳೆಯೊಬ್ಬರಿಗೆ ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ದಾಖಲಾತಿ ಸಿಗದೆ, ಮನೆಗೆ ಹಿಂದಿರುಗಿ, ಅಲ್ಲಿ ಹೆರಿಗೆಯಾಗಿ ಅವರೂ ಅವಳಿ ಶಿಶುಗಳೂ ಮೃತಪಟ್ಟ ಘಟನೆ ರಾಜ್ಯವನ್ನೇ ಕಲಕಿತು. ಆ ಕಾರ್ಡು ಇರುವುದು ಗರ್ಭಿಣಿಯ ತಪಾಸಣೆಗಳ ದಾಖಲೆ ಇಡಲು. ಗುರುತಿನ ಚೀಟಿ, ವಿಳಾಸ, ಪರಿಚಯದ ಆಶಾ ಕಾರ್ಯಕರ್ತೆ ಇವೆಲ್ಲ ಇರುವವರ ಕೈಯಲ್ಲಿ ಅದು ಸೌಲಭ್ಯ, ಊರೂರು ಅಲೆದು ದುಡಿಯುವವರ ಮುಂದೆ ಗೋಡೆ. ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಒಳ್ಳೆಯ ವೈದ್ಯಕೀಯ ಸೇವೆ ಅದರ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಕಡಿಮೆ ಸಿಗುತ್ತದೆ ಎಂದು ಹೇಳಿದ್ದರು. ಅದು ಇಲ್ಲಿಗೂ ಒಪ್ಪುತ್ತದೆ.

ತುಮಕೂರು ಮತ್ತು ಚಿತ್ರದುರ್ಗದ ಗೊಲ್ಲರಹಟ್ಟಿಗಳ ವಿಷಯ ಇನ್ನೂ ನಾಜೂಕು. ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ರೂಢಿ ಕೆಲವು ಕಾಡುಗೊಲ್ಲ ಹಟ್ಟಿಗಳಲ್ಲಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹಾಗೆ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ಮಳೆ–ಚಳಿಯಲ್ಲಿ ಅಸ್ವಸ್ಥವಾಗಿ ತೀರಿಕೊಂಡಿತು. ಇಂಥ ಬಲವಂತದ ಪ್ರತ್ಯೇಕತೆಯನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾನೂನು ಅಪರಾಧವೆನ್ನುತ್ತದೆ. ಸಮುದಾಯದ ‘ಮೌಢ್ಯ’ ಎಂದು ಷರಾ ಬರೆದು ಮುಗಿಸುವುದು ಬಹಳ ಸುಲಭ. ಆದರೆ ಅಂಚಿನಲ್ಲಿರುವ ಸಮುದಾಯದ ಒಳಗೂ ಅಂಚು ಇರುತ್ತದೆ, ಅದರ ಭಾರ ಬೀಳುವುದು ಹೆಂಗಸಿನ ಮೇಲೆ. ಇನ್ನೊಂದೆಡೆ ಆ ಹಟ್ಟಿಗೆ ರಸ್ತೆ, ಶಾಲೆ, ನಿಯಮಿತವಾಗಿ ಬಂದು ಬಾಣಂತಿಯನ್ನು ನೋಡುವ ಆರೋಗ್ಯ ಸಹಾಯಕಿ ಎಷ್ಟರ ಮಟ್ಟಿಗೆ ತಲುಪಿದ್ದಾರೆ ಎಂಬ ಪ್ರಶ್ನೆಯೂ ಇದೆ. ಇವೆರಡರಲ್ಲಿ ಒಂದನ್ನು ಮಾತ್ರ ಕೇಳುವ ಅಧ್ಯಯನ ಅರ್ಧ ಅಧ್ಯಯನ.

ಕೇಳುವವರು ಯಾರು, ಯಾವಾಗ

‘ಕಳೆದ ಹದಿನೈದು ದಿನಗಳಲ್ಲಿ ನಿಮಗೆ ಕಾಯಿಲೆಯಾಗಿತ್ತೇ’ ಎಂಬುದು ಆರೋಗ್ಯ ಸಮೀಕ್ಷೆಗಳ ಮಾಮೂಲಿ ಪ್ರಶ್ನೆ. ಇದರ ಉತ್ತರಗಳನ್ನು ಹಾಗೆಯೇ ನಂಬಿದರೆ ಏನಾಗುತ್ತದೆ ಎಂಬುದನ್ನು ಅಮರ್ತ್ಯ ಸೇನ್ 2002ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಆಗ ದೇಶದಲ್ಲೇ ಹೆಚ್ಚು ಕಾಲ ಬದುಕುತ್ತಿದ್ದ ಕೇರಳದ ಜನ ಹೆಚ್ಚು ಕಾಯಿಲೆಗಳನ್ನು ಹೇಳಿಕೊಳ್ಳುತ್ತಿದ್ದರು, ಆಯುಷ್ಯ ಬಹಳ ಕಡಿಮೆಯಿದ್ದ ಬಿಹಾರದ ಜನ ಕಡಿಮೆ ಕಾಯಿಲೆ ಹೇಳುತ್ತಿದ್ದರು. ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸಲು ಶಿಕ್ಷಣ ಬೇಕು, ವೈದ್ಯರು ಹತ್ತಿರವಿರಬೇಕು, ಮಲಗಲು ರಜೆ ಸಿಗಬೇಕು. ದಿನಗೂಲಿಯ ಹೆಂಗಸಿಗೆ ಬೆನ್ನುನೋವು, ತಲೆಸುತ್ತು, ಸುಸ್ತು ಇವು ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ. ಕೆಲಸಕ್ಕೆ ಹೋಗಲಾಗದೆ ಮಲಗಿದರೆ ಮಾತ್ರ ಅದು ಕಾಯಿಲೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಇವರೆಲ್ಲ ತಾವು ಕಾಯಿಲೆಯವರೆಂದು ಹೇಳಿಕೊಳ್ಳುವುದಿಲ್ಲ. ತುಮಕೂರಿನ ಕ್ಷಯ ಅಧ್ಯಯನದಲ್ಲಿ ಜನ ತಮ್ಮ ಲಕ್ಷಣ ಬಲ್ಲವರಾಗಿದ್ದರು ಎಂಬುದಕ್ಕೂ ಇದಕ್ಕೂ ವಿರೋಧವೇನಿಲ್ಲ. ಎಡೆಬಿಡದ ಕೆಮ್ಮು ಯಾರ ಕಣ್ಣಿಗಾದರೂ ಬೀಳುತ್ತದೆ, ವರ್ಷಾನುಗಟ್ಟಲೆಯ ಸುಸ್ತು ಬದುಕಿನ ರೀತಿಯೇ ಆಗಿಬಿಡುತ್ತದೆ. ಹಾಗಾಗಿ ಒಳ್ಳೆಯ ಅಧ್ಯಯನಗಳು ಬಾಯಿಮಾತಿನ ಉತ್ತರದ ಜೊತೆಗೆ ಎತ್ತರ, ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್‌ಗಳನ್ನೂ ಅಳೆಯುತ್ತವೆ.

ಪ್ರಶ್ನೆ ಕೇಳಲು ಹೋಗುವವರ ಜಾತಿ, ಉಡುಪು, ಅವರು ಕೂರುವ ಜಾಗ ಇವೂ ಉತ್ತರವನ್ನು ಬದಲಿಸುತ್ತವೆ. ತಂಡವು ಊರಿಗೆ ಬಂದು ಮೊದಲು ಪಂಚಾಯಿತಿ ಸದಸ್ಯರ ಮನೆಯಲ್ಲಿ ಕಾಫಿ ಕುಡಿದು, ಅವರು ಜೊತೆ ಮಾಡಿ ಕಳಿಸಿದ ಹುಡುಗನೊಂದಿಗೆ ಕೇರಿಗೆ ಹೋಗಿ, ಅವನ ಎದುರಿಗೇ ‘ಆಶಾ ಕಾರ್ಯಕರ್ತೆ ನಿಮ್ಮ ಮನೆಯ ಒಳಗೆ ಬರುತ್ತಾರೆಯೇ’ ಎಂದು ಕೇಳಿದರೆ ‘ಬರುತ್ತಾರೆ ಸ್ವಾಮಿ’ ಎಂಬ ಉತ್ತರವಲ್ಲದೆ ಬೇರೇನು ಬಂದೀತು? ಹಗಲು ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವವರು ಮುದುಕರು ಮತ್ತು ಮಕ್ಕಳು. ‘ಮನೆ ಬೀಗ’ ಎಂದು ನಮೂದಾಗಿ ಬಿಟ್ಟುಹೋಗುವ ಮನೆಗಳು ಯಾದೃಚ್ಛಿಕವಾಗಿ ಹಂಚಿಕೊಂಡಿರುವುದಿಲ್ಲ, ಬಹುಪಾಲು ಅವು ಕೂಲಿಯವರ ಮನೆಗಳೇ. ತುಳಿತಕ್ಕೊಳಗಾದ ಸಮುದಾಯದವರೇ ಸಂಶೋಧಕರಾಗಿ ತಂಡದಲ್ಲಿರಬೇಕು ಎಂಬ ಬೇಡಿಕೆಯನ್ನು ಕೆಲವರು ರಾಜಕೀಯವೆಂದು ತಳ್ಳಿಹಾಕುತ್ತಾರೆ. ಅದು ಮಾಪನದ ನಿಖರತೆಯ ಪ್ರಶ್ನೆಯೂ ಹೌದು.

ಗುಂಪುಗಳನ್ನು ಮಾಡುವ ಬಗೆಯಲ್ಲೂ ಎಡವುವ ಸಾಧ್ಯತೆಯಿದೆ. ಪ್ರಕಟವಾಗುವ ವರದಿಗಳಲ್ಲಿ ಸಾಮಾನ್ಯವಾಗಿ ಪರಿಶಿಷ್ಟ ಜಾತಿ ಎಂಬುದು ಒಂದೇ ಸಾಲು. ಕರ್ನಾಟಕದಲ್ಲಿ ಆ ಸಾಲಿನೊಳಗೆ 101 ಜಾತಿಗಳಿವೆ. ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದು ನೌಕರಿ ಮಾಡುವ ಕುಟುಂಬವೂ, ಹಂದಿಜೋಗಿಗಳಂಥ ಅಲೆಮಾರಿ ಕುಟುಂಬವೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ನಡೆಸಿದ ಸಮೀಕ್ಷೆ ಈ ಜಾತಿಗಳನ್ನು ಬೇರೆಬೇರೆಯಾಗಿ ಎಣಿಸಿತು. ಮೀಸಲಾತಿಯ ಲೆಕ್ಕಕ್ಕೆ ಆ ವಿಂಗಡಣೆ ಎಷ್ಟು ಅಗತ್ಯವೋ ಮಕ್ಕಳ ತೂಕದ, ಬಾಣಂತಿಯರ ಸಾವಿನ ಲೆಕ್ಕಕ್ಕೂ ಅಷ್ಟೇ ಅಗತ್ಯ. ಜಿಲ್ಲಾ ಮಟ್ಟದ ಆರೋಗ್ಯ ಸಮೀಕ್ಷೆಯ ಮಾದರಿಯಲ್ಲಿ ಸಿಗುವ ಮನೆಗಳು ಇಷ್ಟು ಸಣ್ಣ ಗುಂಪುಗಳಿಗೆ ಸಾಲುವುದಿಲ್ಲ, ಅದಕ್ಕೆ ಬೇರೆಯೇ ಅಧ್ಯಯನಗಳನ್ನು ರೂಪಿಸಬೇಕು. ಸ್ಥಳೀಯ ವಿಶ್ವವಿದ್ಯಾಲಯಗಳು ನಿಜವಾಗಿ ಉಪಯೋಗಕ್ಕೆ ಬರಬಹುದಾದ ಜಾಗ ಇದೇ. ತುಮಕೂರು ವಿಶ್ವವಿದ್ಯಾಲಯವಾಗಲಿ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಾಗಲಿ, ಟಮಕದ ದೇವರಾಜ ಅರಸು ವೈದ್ಯಕೀಯ ವಿದ್ಯಾಸಂಸ್ಥೆಯಾಗಲಿ, ಈ ಹಳ್ಳಿಗಳ ಮಕ್ಕಳೇ ವಿದ್ಯಾರ್ಥಿಗಳಾಗಿರುವ ಸಂಸ್ಥೆಗಳು. ದೆಹಲಿಯಿಂದ ಬಂದವರಿಗೆ ಕಾಣದ ಎಷ್ಟೋ ಸಂಗತಿ ಅವರಿಗೆ ಕೇಳದೆಯೇ ಗೊತ್ತಿರುತ್ತದೆ.

ಕೊನೆಯದಾಗಿ, ಸಂಶೋಧನೆಗೆ ಒಳಗಾದವರಿಗೆ ಸಿಗಬೇಕಾದದ್ದರ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯು ಅಧ್ಯಯನದ ಉದ್ದೇಶವನ್ನು ಅವರದೇ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ, ದುರ್ಬಲ ಸ್ಥಿತಿಯಲ್ಲಿರುವವರ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕೆನ್ನುತ್ತದೆ, ಸಂಶೋಧನೆಯ ಪ್ರಯೋಜನ ಸಮುದಾಯಕ್ಕೂ ತಲುಪಬೇಕೆನ್ನುತ್ತದೆ. ತೆಲುಗು ಮನೆಮಾತಿನ ಬಾಗೇಪಲ್ಲಿಯ ಅಜ್ಜಿಗೆ ಕಚೇರಿ ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಮಾರ್ಗಸೂಚಿಯ ಅಕ್ಷರ ಪಾಲನೆಯಾದಂತೆ ಕಂಡೀತು, ಒಪ್ಪಿಗೆ ಸಿಕ್ಕಂತೆ ಅಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 8 ಗ್ರಾಂಗಿಂತ ಕಡಿಮೆಯಿದ್ದರೆ ಅದು ತೀವ್ರ ರಕ್ತಹೀನತೆ, ಗರ್ಭಿಣಿಯರಲ್ಲಾದರೆ ಆ ಗೆರೆ 7 ಗ್ರಾಂ. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಅದೇ ಹೊತ್ತಿಗೆ ಆಕೆಯ ಕೈಗೆ ಕೊಟ್ಟು, ಯಾವ ದಿನ ಯಾವ ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂದು ತಿಳಿಸಿ, ಅಲ್ಲಿನ ವೈದ್ಯರಿಗೂ ಮುಂಚಿತವಾಗಿ ಹೇಳಿಟ್ಟಿರುವುದು ಅಧ್ಯಯನದ ಯೋಜನೆ ಬರೆಯುವಾಗಲೇ, ಖರ್ಚಿನ ಪಟ್ಟಿಯ ಸಮೇತ ಸೇರಬೇಕಾದ ಕೆಲಸ.